ಇಂಗ್ಲಿಷ್ ಪರಾಕು

ಕರಿಸಿದ್ದಪ್ಪನ ಕನಸಿಗೆ ದಿನಾ ಬೆಳಗಿನ ಜಾವ ಒಂದು ಕೆಂಪು ಬಸ್ಸು ಬರುತ್ತಿತ್ತು. ಅದಕ್ಕೆ ಸದ್ದಿಲ್ಲ, ಧೂಳಿಲ್ಲ. ಸಜ್ಜೆಯ ತೆನೆಗಳ ಮೇಲೆ ತೇಲಿಕೊಂಡು ಬಂದು ಮಠದ ಕಟ್ಟೆಯ ಮುಂದೆ ನಿಲ್ಲುತ್ತಿತ್ತು. ಮಗಳು ನಾಗಲಿಂಗಮ್ಮ ಪಾಟಿಚೀಲ ಎದೆಗವಚಿಕೊಂಡು ಇನ್ನೇನು ಹತ್ತಬೇಕು, ಅಷ್ಟರಲ್ಲಿ ಕೋಳಿ ಕೂಗುತ್ತಿತ್ತು. ಕಣ್ಣು ಬಿಟ್ಟರೆ ಮನೆಯ ಜಂತಿ.

ಎಚ್ಚರದಲ್ಲಿ ಆ ಊರಿಗೆ ಬಸ್ಸೇ ಇರಲಿಲ್ಲ. ಉಜ್ಜಿನಿಯ ಕಡೆ ಹೊಲಗಳ ನಡುವೆ ಹುದುಗಿದ ಸಣ್ಣ ಊರು; ಒಂದು ಮಠ, ಒಂದು ಹಳ್ಳ, ಒಂದು ಬಂಡಿದಾರಿ. ಹುಡುಗಿ ಏಳನೆಯ ತರಗತಿ ಪಾಸಾಗಿದ್ದಳು. ಮುಂದಿನ ಶಾಲೆ ಇದ್ದದ್ದು ಐದಾರು ಮೈಲಿ ದೂರದ ಕೊಟ್ಟೂರಿನಲ್ಲಿ.

"ಒಂಟಿ ಹುಡುಗೀನ ಹಳ್ಳ ದಾಟಿಸಿ ಕಳಸಂಗಿಲ್ಲ," ಎಂದು ಹೆಂಡತಿ ಜಂಬಕ್ಕ ಕಡ್ಡಿ ಮುರಿದಂತೆ ಹೇಳಿದ್ದಳು. "ಬಸ್ ಬಂದ್ರ ಸಾಲಿ. ಇಲ್ಲಂದ್ರ ನನ್ನ ಜೋಡಿ ಹೊಲದ ಕೂಲಿ."

ಅವನೇ ಜೊತೆಗೆ ಹೋಗೋಣವೆಂದರೆ ಬೆಳಿಗ್ಗೆ, ಸಂಜೆ ಮಠ ಬಿಡುವಂತಿಲ್ಲ. ಅವನ ಕೆಲಸ ಪರಾಕು ಹೇಳುವುದು. ಪೂಜೆಯ ಹೊತ್ತಿಗೆ ಬೆಳ್ಳಿಕಟ್ಟಿನ ಬೆತ್ತ ಹಿಡಿದು, ಸ್ವಾಮಿಗಳ ಬಿರುದು, ದಾನಿಗಳ ಬಿರುದು ಊರೆಲ್ಲ ಕೇಳುವಂತೆ ಕೂಗುವುದು. ಬಾವಿ ತೋಡಿಸಿದವರು, ಬಹುಪರಾಕ್! ಬರದಲ್ಲಿ ಗಂಜಿ ಹಾಕಿದವರು, ಬಹುಪರಾಕ್! ಒಂದೊಂದು ಬಿರುದಿಗೂ ಒಂದು ಕೆಲಸ ಇರಬೇಕು, ಅದೂ ಮಾಡಿ ಮುಗಿಸಿದ ಕೆಲಸ. ಮಾಡದ್ದನ್ನು ಕೂಗಿದವನು ಅದು ನಿಜವಾಗುವ ತನಕ ಬೆತ್ತ ಕೆಳಗಿಡಬೇಕು. ಇದು ಅವನ ಅಜ್ಜ ಹಾಕಿಹೋದ ಕಟ್ಟಳೆ. ಅಲ್ಲಿಂದ ಇಲ್ಲಿಯ ತನಕ ಆ ಮನೆಯವರ ಕೈಯಿಂದ ಬೆತ್ತ ಇಳಿದಿರಲಿಲ್ಲ.

ಹೀಗಿರುವಾಗ ಬಸ್ಸುಗಳನ್ನು ಬಿಡಿಸುವ ದೊಡ್ಡ ಸಾಹೇಬರೊಬ್ಬರು ಹರಕೆ ತೀರಿಸಲು ಮಠಕ್ಕೆ ಬರುತ್ತಾರೆಂದು ಸುದ್ದಿಯಾಯಿತು. ಕರಿಸಿದ್ದಪ್ಪ ಆವತ್ತೇ ಸಂಜೆಯ ಪೂಜೆ ಮುಗಿಸಿ ಕೊಟ್ಟೂರಿಗೆ ನಡೆದು, ಗೆಳೆಯ ಅಬ್ದುಲ್ ಮಜೀದನ ಸೈಕಲ್ ಅಂಗಡಿಯಲ್ಲಿ ಹೋಗಿ ಕೂತ. ಮಜೀದ ಹಿಂದೆ ಬಳ್ಳಾರಿಯಲ್ಲಿ ಅಧಿಕಾರಿಗಳ ಜೀಪು ಓಡಿಸಿದವನು. ಮುಂದೆ ನೋಡಿ ಗಾಡಿ ಬಿಟ್ಟರೂ ಕಿವಿ ಮಾತ್ರ ಹಿಂದಿನ ಸೀಟಿನಲ್ಲೇ ಇಟ್ಟಿದ್ದ ಆಸಾಮಿ.

"ಅಂಥವ್ರು ಕನ್ನಡದಾಗ ಕರಗಂಗಿಲ್ಲಲೇ," ಅಂದ ಮಜೀದ, ಟ್ಯೂಬನ್ನು ನೀರಿನಲ್ಲಿ ಅದ್ದುತ್ತ. "ಇಂಗ್ಲಿಷ್‌ನಾಗ ಹೊಗಳಬೇಕು. ಅದಕ್ಕ ಅವ್ರು ಬಟರ್ ಹಚ್ಚೋದು ಅಂತಾರ. ಸೋಪ್ ಹಾಕೋದು ಅಂತಾರ. ಪಾಲಿಶ್ ಅಂತಾರ."

"ಬೆಣ್ಣಿ, ಸಾಬೂನು, ಪಾಲಿಶ್. ಇವೆಲ್ಲ ಮನುಷ್ಯಾಗೋ, ಅವನ ಬೂಟಿಗೋ?"

"ಮೊದಲು ಕಲಿಯಲೇ. ಅನ್ನು, ಗ್ರೇಟ್ ಮ್ಯಾನ್."

"ಗ್ರೇಟ್ ಮ್ಯಾನ್," ಅಂದ ಕರಿಸಿದ್ದಪ್ಪ. ಸ್ವಲ್ಪ ಕಾದು ಕೇಳಿದ, "ಏನ್ ಮಾಡಿದವ?"

"ಏನೂ ಮಾಡಿರಬೇಕಿಲ್ಲ. ಇಂಗ್ಲಿಷ್‌ನಾಗ ಬರೇ ಗ್ರೇಟ್."

ಕರಿಸಿದ್ದಪ್ಪನಿಗೆ ಇದು ಬಹಳ ಸೋಜಿಗವೆನಿಸಿತು. ವಂಡರ್‌ಫುಲ್, ಎಕ್ಸಲೆಂಟ್, ಜೀನಿಯಸ್ ಎಂದು ಬಾಯಿಪಾಠ ಮಾಡುತ್ತ ಬೆಳದಿಂಗಳು ಮೂಡುವ ಹೊತ್ತಿಗೆ ಊರ ದಾರಿ ಹಿಡಿದ. ಕೆಲಸದ ಭಾರವಿಲ್ಲದ ಆ ಮಾತುಗಳು ಬೂರುಗದ ಹತ್ತಿಯಂತೆ ಅವನ ಮುಂದೆ ಮುಂದೆ ಹಾರುತ್ತಿದ್ದವು. ಅವುಗಳ ಹಿಂದೆ ನಡೆದವನಿಗೆ ಮನೆ ಬಂದದ್ದೇ ತಿಳಿಯಲಿಲ್ಲ.

ಸಾಹೇಬರು ಬಂದರು. ಪೂಜೆ ಮುಗಿಯಿತು. ಕರಿಸಿದ್ದಪ್ಪ ಬೆತ್ತ ಎತ್ತಿ, "ಗ್ರೇಟ್ ಮ್ಯಾನ್, ಬಹುಪರಾಕ್! ಜೀನಿಯಸ್, ಬಹುಪರಾಕ್!" ಎಂದು ಕೂಗಿದ. ಊರು ಬಾಯಿ ಬಿಟ್ಟುಕೊಂಡು ಕೇಳಿತು. ಸಾಹೇಬರು ಕೈಗಡಿಯಾರ ನೋಡಿಕೊಂಡರು. ಪಾಪ, ಅವರಿಗೆ ಇವೆಲ್ಲ ದಿನಾ ಕಾಫಿಯ ಜೊತೆ ಸಿಗುವ ಮಾತುಗಳೇ.

ಕಂಬದ ಮರೆಯಲ್ಲಿ ನಾಗಲಿಂಗಮ್ಮ ಉಸಿರು ಬಿಗಿಹಿಡಿದು ನಿಂತಿದ್ದಳು. ತಂದೆಯ ಕಣ್ಣು ಅವಳ ಮುಖದ ಮೇಲೆ ಬಿತ್ತು. ಇಂಗ್ಲಿಷ್ ಮುಗಿದಿತ್ತು. ಹುಟ್ಟಿನಿಂದ ರೂಢಿಯಾದ ನಾಲಿಗೆ ಬಿರುದಿಗೊಂದು ಕೆಲಸ ತಡಕಾಡಿತು, ಸಿಕ್ಕಿದ್ದನ್ನು ಕೂಗಿಯೇಬಿಟ್ಟಿತು:

"ನಮ್ಮೂರಿಗೆ ಬಸ್ ತಂದವರು, ಬಹುಪರಾಕ್!"

ಜನ ಚಪ್ಪಾಳೆ ತಟ್ಟಿದರು. ಬಸ್ಸು ಆಗಲೇ ಬಂದಿತೆಂದು ಮುದುಕಿಯರು ಕೈ ಮುಗಿದರು. ಸಾಹೇಬರು ಮೊದಲ ಸಲ ತಲೆಯೆತ್ತಿ, "ಆಗಲಿ, ನೋಡೋಣ" ಅಂದರು. ಮಂಡಕ್ಕಿ ಮಿರ್ಚಿ ತಿಂದು ಜೀಪು ಹತ್ತಿದರು. ಅಧಿಕಾರಿಯ 'ನೋಡೋಣ' ಎಷ್ಟು ದೂರ ನೋಡುತ್ತದೆಂದು ಎಲ್ಲರಿಗೂ ಗೊತ್ತಿರುವುದೇ.

ಮರುದಿನ ಕರಿಸಿದ್ದಪ್ಪ ಗದ್ದುಗೆಯ ಮುಂದೆ ಬೆತ್ತ ಇಟ್ಟ.

"ಇಂಗ್ಲಿಷ್‌ನಾಗ ಅಷ್ಟೆಲ್ಲ ಹೇಳಿದಿ. ಅದೂ ಸುಳ್ಳೇ ಅಲ್ಲೇನೋ?" ಎಂದು ಸ್ವಾಮಿಗಳು ನಕ್ಕರು.

"ಅದನ್ನ ಯಾರೂ ನಂಬಲಿಲ್ರಿ ಅಜ್ಜಾರ, ಸಾಹೇಬ್ರೂ ನಂಬಲಿಲ್ಲ," ಅಂದ ಅವನು. "ಬಸ್ಸಿನ ಮಾತನ್ನ ಊರು ನಂಬೈತಿ. ನನ್ನ ಮಗಳು ನಂಬ್ಯಾಳ."

ಶಾಲೆ ಶುರುವಾಯಿತು. ನಾಗಲಿಂಗಮ್ಮ ದಿನಾ ತಲೆ ಬಾಚಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದಳು. ಕರಿಸಿದ್ದಪ್ಪ ನಾಚಿಕೆಯಿಂದ ಆ ದಾರಿಯಲ್ಲೇ ಓಡಾಡುತ್ತಿರಲಿಲ್ಲ. ಕನಸಿನ ಬಸ್ಸೂ ಬರುವುದನ್ನು ಬಿಟ್ಟಿತು.

ಒಂದು ಬೆಳಿಗ್ಗೆ ಮಠದ ಗಂಟೆ ಕೇಳಿ ಅವನು ರೂಢಿಯಂತೆ ಧಡಕ್ಕನೆ ಎದ್ದ. ಎದ್ದವನಿಗೆ ಹೋಗಬೇಕಾದ ಕೆಲಸವಿಲ್ಲ ಎಂಬುದು ನೆನಪಾಯಿತು. ಗೂಟದಿಂದ ಮಗಳ ಪಾಟಿಚೀಲ ತೆಗೆದ. ಆಮೇಲೆ ಚಪ್ಪಲಿ ಮೆಟ್ಟಿದ.

"ಜಂಬಕ್ಕ, ಎರಡು ರೊಟ್ಟಿ ಕಟ್ಟು. ನಾ ಈಗ ಖಾಲಿ ಅದೀನಿ."

ತಂದೆ, ಮಗಳು ಮಂಜು ಹರಿಯುವ ಮೊದಲೇ ಹಳ್ಳ ದಾಟಿದರು. ಸಜ್ಜೆಯ ಹೊಲಗಳು ಮಂಜಿನಲ್ಲಿ ಮುಳುಗಿದ್ದವು, ಮೇಲೆ ಬರೀ ತೆನೆಗಳು. ಕನಸಿನಲ್ಲಿ ಕಂಡ ದಾರಿಯೇ ಇದು, ಬಸ್ಸೊಂದಿಲ್ಲ ಅಷ್ಟೆ. ಹುಡುಗಿಯ ಕಾಲಿಗೆ ಮುಳ್ಳು ಹೊಕ್ಕಿತು. ತೆಗೆಸಿಕೊಂಡು ಮತ್ತೆ ನಡೆದಳು, ಕೂರೋಣ ಅನ್ನಲಿಲ್ಲ.

ಕೊಟ್ಟೂರು ಮುಟ್ಟಿದಾಗ ಬಿಸಿಲು ಬಿದ್ದಿತ್ತು. ಮಜೀದ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಕರಿಸಿದ್ದಪ್ಪನ ಕೈಯಲ್ಲಿ ಬೆತ್ತವಿರಲಿಲ್ಲ. ಆದರೂ ಅವನು ಪರಾಕಿನ ದನಿ ಎತ್ತಿದ.

"ಹಳ್ಳ ದಾಟಿದಾಕಿ, ಬಹುಪರಾಕ್! ನಡಕೊಂತ ಸಾಲಿಗೆ ಬಂದ ನಾಗಲಿಂಗಮ್ಮ, ಬಹುಪರಾಕ್!"

ಬೀದಿಯ ಜನ ತಿರುಗಿ ನೋಡಿದರು. ಹುಡುಗಿ ನಾಚಿ ಕೆಂಪಾಗಿ ಅವನ ಅಂಗಿ ಜಗ್ಗಿದಳು.

"ಅಪ್ಪಾ, ಸುಮ್ನಿರು. ಎಲ್ಲಾರೂ ನೋಡಾಕತ್ಯಾರ."

"ನೋಡ್ಲಿ ಬಿಡವ್ವ," ಅಂದ ಕರಿಸಿದ್ದಪ್ಪ, ಕಣ್ಣೊರೆಸಿಕೊಳ್ಳುತ್ತ. "ಮಾಡಿದ್ದನ್ನ ಕೂಗೀನಿ."