ಕರೆಮ್ಮ ಮತ್ತೆ ವಾರ್ಡ್ ಸಭೆಗೆ ಹೋದದ್ದು

ಅದಿರು ಲಾರಿಗಳು ಹೆದ್ದಾರಿ ಬಿಟ್ಟು ಊರೊಳಗೆ ನುಗ್ಗಲು ಶುರುಮಾಡಿದ್ದ ಕಾಲ. ಸಂಡೂರಿನಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬೇಡ, ಹೇಳಿದರೆ ಪಕ್ಕದ ಊರಿನವರು 'ಸದ್ಯ, ನಮ್ಮಲ್ಲಿ ಹಂಗಿಲ್ಲ' ಎಂದು ಹಾಯಾಗಿ ಮಲಗಿಬಿಡುತ್ತಾರೆ. ಬಿಳಿ ಅಂಗಿ ತೊಟ್ಟು ಹೊರಬಿದ್ದವರು ಅಲ್ಲಿ ಅದಿರಿನ ಧೂಳಿಗೆ ಕೆಂಪಾದ ಅಂಗಿಯಲ್ಲಿ ಮನೆಗೆ ಬರುತ್ತಿದ್ದರು. ಅಂಗಿಯನ್ನಾದರೆ ಒಗೆಯಬಹುದು. ಕರೆಮ್ಮನ ಓಣಿಯ ಮಕ್ಕಳು ಶಾಲೆಗೆ ಹೋಗಲು ಆ ಲಾರಿಗಳ ನಡುವೆಯೇ ರಸ್ತೆ ದಾಟಬೇಕಿತ್ತು. ಹಿಂದಿನ ವಾರ ಅವಳ ಮಗಳು ಅಂಜಲಿಯ ಬ್ಯಾಗಿನ ಪಟ್ಟಿ ಲಾರಿಯ ಕೊಂಡಿಗೆ ಸಿಕ್ಕು ಹರಿದಿತ್ತು. ಹರಿದದ್ದು ಪಟ್ಟಿ ಮಾತ್ರ ಎಂದು ಮನೆಯವರು ದೇವರಿಗೆ ಕೈಮುಗಿದಿದ್ದರು.

ಈ ಲಾರಿಗಳ ವಿಷಯ ಮಾತಾಡಲು ಪುರಸಭೆ ಗುರುವಾರ ವಾರ್ಡ್ ಸಭೆ ಕರೆಯಿತು.

"ನೀ ಹೋಗಬ್ಯಾಡ," ಎಂದ ಕರೆಮ್ಮನ ಗಂಡ ಕಾಳಪ್ಪ.

"ಯಾಕ?"

"ಯಾಕ ಅಂತ ನಿನ್ನ ಕೈನ ಕೇಳು."

ಕಳೆದ ಸಭೆಯಲ್ಲಿ ಅವಳ ಬಲಗೈ ಮುರಿದಿತ್ತು. ಸಭೆ ನಡೆದದ್ದು ಪುರಸಭೆಯ ಮಹಡಿಯ ಮೇಲೆ. ಹತ್ತಿಳಿಯಲು ಒಂದೇ ಇಕ್ಕಟ್ಟಿನ ಮೆಟ್ಟಿಲು. ಯಾರೋ ಇಬ್ಬರು ಬೈದಾಡಿ ಕುರ್ಚಿ ಎತ್ತಿದ್ದರು. ಜನ ಹೆದರಿ ಒಮ್ಮೆಲೇ ಕೆಳಗೆ ಓಡಿದ್ದರು. ಕೈ ಕೂಡುವವರೆಗೆ ಮನೆಯಲ್ಲಿ ಕಾಳಪ್ಪನೇ ರೊಟ್ಟಿ ಬಡಿದ. ದುಂಡಗಿರಲಿಲ್ಲ, ಬಿಸಿಯಾಗಿರುತ್ತಿದ್ದವು. ಹೆಂಡತಿಯ ಜಡೆಯನ್ನೂ ಅವನೇ ಹೆಣೆಯುತ್ತಿದ್ದ, ಓಣಿಯವರಿಗೆ ಕಾಣದ ಹಾಗೆ ಬಾಗಿಲು ಮುಂದೆ ಮಾಡಿಕೊಂಡು.

ಸಂಜೆ ಪುರಸಭೆಯ ಸಮುದಾಯ ಸಂಘಟಕಿ ಶೈಲಶ್ರೀ ಬಂದರು.

"ಬರ್ರಿ ಮೇಡಮ್ಮ, ಕುಂದ್ರಿ," ಎಂದ ಕಾಳಪ್ಪ. "ಸಭಾಕ್ಕ ಕರೀಲಾಕ ಬಂದಿದ್ರ ಚಾ ಕುಡುದು ಹೋಗ್ರಿ. ಇಕಿಗೆ ಇರೋವು ಎರಡ ಕೈ."

"ಅಣ್ಣ, ಅವತ್ತಿನ ಜಗಳದಾಗ ಯಾರಿಗೂ ಪೆಟ್ಟಾಗಿಲ್ಲ, ಗೊತ್ತೇನು? ಬೈದಾಡಿದವ್ರಿಬ್ರೂ ಒಂದ ಸ್ಕೂಟರ್‌ನ್ಯಾಗ ಮನಿಗಿ ಹೋದ್ರು."

"ಮತ್ತ ಇಕಿ ಕೈ ಹೆಂಗ ಮುರೀತು?"

"ಚಪ್ಲಿಯಿಂದ."

ಸಭೆಗೆ ಬಂದವರೆಲ್ಲ, ಗುಡಿಗೆ ಬಂದಂತೆ, ಬಾಗಿಲ ಮುಂದೆ ಚಪ್ಪಲಿ ಬಿಟ್ಟಿದ್ದರು. ಬಾಗಿಲ ಮುಂದೆ ಇದ್ದದ್ದು ಮೆಟ್ಟಿಲು. ಮೊದಲು ಬಂದವರ ಚಪ್ಪಲಿ ಮೇಲಿನ ಮೆಟ್ಟಿಲಲ್ಲಿ, ಆಮೇಲಿನವರದು ಅದರ ಕೆಳಗೆ, ಹೀಗೆ ನೆಲದವರೆಗೂ. ಓಡಿದವರ ಕಾಲಿಗೆ ಮೆಟ್ಟಿಲಿನ ಬದಲು ಚಪ್ಪಲಿ ಸಿಕ್ಕವು. ಕೆಲವರಂತೂ ಓಡುವುದನ್ನು ನಿಲ್ಲಿಸಿ ಅಲ್ಲೇ ಬಗ್ಗಿ ತಮ್ಮ ಜೋಡು ಹುಡುಕತೊಡಗಿದ್ದರು; ಹಿಂದಿನವರು ಅವರ ಮೇಲೆಯೇ ಬಿದ್ದಿದ್ದರು.

"ನಾನೂ ನನ್ನವು ಹುಡುಕಾಕತ್ತಿದ್ದೆ," ಎಂದಳು ಕರೆಮ್ಮ ಮೆಲ್ಲಗೆ. "ಹೊಸಾವು. ನೀನ ಹೊಸಪ್ಯಾಟಿಯಿಂದ ತಂದಿದ್ದಿ."

ಕಾಳಪ್ಪ ಚಹಾದ ಲೋಟ ಕೆಳಗಿಟ್ಟ. "ಕೆಳಗ ದೊಡ್ಡ ಹಾಲ್ ಐತಲ್ಲ?" ಎಂದ.

"ಅದರಾಗ ಕೆಟ್ಟ ಬೀದಿದೀಪ, ಮುರದ ಕುರ್ಚಿ ಅದಾವು."

"ಅಂದ್ರ ಮುರದ ಕುರ್ಚಿಗೆ ಕೆಳಗ ಜಾಗ, ಮುದುಕ್ರು ಮ್ಯಾಲ ಹತ್ತಬೇಕು! ಭಾಳ ಚೊಲೋ ಐತಿ."

"ಯಾರೂ ಕೇಳಿಲ್ಲಣ್ಣ. ಒಬ್ರ ಬ್ಯಾಡ, ಓಣಿಯವ್ರೆಲ್ಲ ಕೂಡಿ ಹೋಗಿ ಕೇಳ್ರಿ."

ಮರುದಿನ ಓಣಿಯ ಮಹಿಳಾ ಸಂಘದ ಹೆಂಗಸರೆಲ್ಲ ಪುರಸಭೆಗೆ ಹೋದರು, ಹಿಂದೆ ಕಾಳಪ್ಪ. ಮುಖ್ಯಾಧಿಕಾರಿ ನಾಗೇಂದ್ರಪ್ಪ, "ಆಫೀಸಿಗೇ ಜಾಗ ಸಾಲಂಗಿಲ್ಲಮ್ಮ," ಎಂದರು.

"ಆ ಕುರ್ಚಿಗೋಳು ಸಭಾದಾಗ ಏನಾರ ಮಾತಾಡ್ತಾವೇನ್ರಿ ಸಾಹೇಬ್ರ?" ಎಂದ ಕಾಳಪ್ಪ.

ನಾಗೇಂದ್ರಪ್ಪನವರಿಗೆ ನಗು ತಡೆಯಲಾಗಲಿಲ್ಲ. ನಗುವ ಅಧಿಕಾರಿಯಿಂದ ಕೆಲಸ ಬೇಗ ಆಗುತ್ತದೆ. ಬುಧವಾರದೊಳಗೆ ಹಾಲ್ ಖಾಲಿಯಾಯಿತು. ತುಕ್ಕು ಹಿಡಿದಿದ್ದ ಹಿಂಬಾಗಿಲಿನ ಚಿಲಕಕ್ಕೆ ಎಣ್ಣೆ ಬಿತ್ತು. ಚಪ್ಪಲಿ ಬಿಡಲು ಹೊರಗೋಡೆಯ ಪಕ್ಕ ಜಾಗ ನಿಗದಿಯಾಯಿತು. ಮೈಕು ಹಿಡಿದವರು ಮಾತ್ರ ಮಾತಾಡಬೇಕು ಎಂದೂ ಸಾರಿದರು.

ಗುರುವಾರ ಕರೆಮ್ಮ ಮೈಕು ಹಿಡಿದಳು. ಎರಡು ಮಾತಾಡುವುದರೊಳಗೆ ಮೂಲೆಯಲ್ಲಿ ಮತ್ತೆ ಗದ್ದಲ; ಹೋದ ಸಲದ ಅದೇ ಇಬ್ಬರು. ಜನ ಎದ್ದರು. ಕರೆಮ್ಮ ಮೈಕು ಕೆಳಗಿಳಿಸಿದಳು.

"ಕುಂದ್ರಿ!" ಎಂದು ಕೂಗಿದ ಕಾಳಪ್ಪ. "ಎರಡೂ ಬಾಗ್ಲ ತಗದಾವು. ಯಾಕ ಓಡ್ತೀರಿ? ಏ, ನೀ ಮಾತಾಡು. ನಾ ಇಲ್ಲೇ ಅದೀನಿ."

ಜನ ಬಾಗಿಲುಗಳನ್ನು ನೋಡಿದರು. ತೆರೆದ ಬಾಗಿಲು ಕಂಡರೆ ಓಡುವ ಅವಸರ ಇಳಿದುಬಿಡುತ್ತದೆ. ಒಬ್ಬೊಬ್ಬರಾಗಿ ಕುಳಿತರು, ಕೊನೆಗೆ ಜಗಳದ ಆ ಇಬ್ಬರೂ.

"ನಮ್ಮ ಮಕ್ಳನ್ನ ಶಾಲಿಗೆ ಕಳಸೋದು ಅಕ್ಷರ ಕಲೀಲಿ ಅಂತ," ಎಂದಳು ಕರೆಮ್ಮ. "ಲಾರಿ ತಪ್ಪಿಸ್ಕೊಳ್ಳೋದು ಕಲೀಲಿ ಅಂತಲ್ಲ."

ಶಾಲೆ ಶುರುವಾಗುವ, ಬಿಡುವ ಹೊತ್ತಿನಲ್ಲಿ ಲಾರಿ ಊರೊಳಗೆ ಬರಕೂಡದೆಂದು ಅಂದೇ ಠರಾವಾಯಿತು. ಲಾರಿಗಳನ್ನು ಪೂರ್ತಿ ಊರಾಚೆಯ ದಾರಿಗೆ ತಿರುಗಿಸುವ ಮಾತು ಮುಂದಿನ ಸಭೆಗೆ ಹೋಯಿತು.

ಮನೆಗೆ ಬರುವಾಗ ಕಾಳಪ್ಪ ಕೇಳಿದ: "ಮುಂದಿನ ಸಭಾ ಯಾವತ್ತು?"

"ಯಾಕ, ಹೋಗಬ್ಯಾಡ ಅನ್ನಾಕೇನು?"

"ಅಲ್ಲಬೇ. ಕೆಲಸಕ್ಕ ರಜಾ ಹೇಳಬೇಕು. ನನ್ನವೂ ಎರಡು ಮಾತು ಅದಾವು."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ವಾರ್ಡಿನ ಸಭೆ ಯಾವತ್ತು ಎಂದು ಇಂದೇ ವಿಚಾರಿಸಿ. ಮುದುಕರು, ಬಸುರಿಯರು, ಕುಂಟುವವರು ಸಲೀಸಾಗಿ ಬರುವಂಥ ಜಾಗ ಕೇಳಿ. ಕೇಳುವುದು ನಿಮ್ಮ ಹಕ್ಕು. ಕೂರುವ ಮೊದಲು ಬಾಗಿಲುಗಳು ಎಲ್ಲಿವೆ ನೋಡಿಕೊಳ್ಳಿ, ಓಡಾಡುವ ದಾರಿಯಲ್ಲಿ ಏನೂ ಇಡಬೇಡಿ. ಗದ್ದಲವಾದರೆ ತಳ್ಳಾಡದೆ ನಿಧಾನವಾಗಿ ಹೊರಗೆ ಬನ್ನಿ, ಚಪ್ಪಲಿ ಆಮೇಲೆ ಹುಡುಕಿದರಾಯಿತು. ಆದರೆ ಸಭೆಯನ್ನೇ ಬಿಡಬೇಡಿ. ನೀವು ಬಾರದ ಸಭೆಯಲ್ಲೂ ನಿಮ್ಮ ಓಣಿಯ ತೀರ್ಮಾನ ಆಗಿಯೇ ಆಗುತ್ತದೆ.