ಪಬ್ಬಿನ ಮೇಲಿನ ಪಾರಾಯಣ

ಗೋನು ಚಂಡಮಾರುತದ ನೀರು ಒಮಾನಿನ ಅಲ್ ಅಮೇರಾತಿನ ನಮ್ಮ ನೆಲಮಹಡಿಯ ಮನೆಗೆ ನುಗ್ಗಿದಾಗ ಪಾರಾಯಣದ ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು ಮಹಡಿ ಹತ್ತಿದವಳು ನಾನು. ಪಾಸ್‌ಪೋರ್ಟುಗಳ ನೆನಪಾದದ್ದು ಆಮೇಲೆ. ಅದಕ್ಕಾಗಿ ನನ್ನ ಗಂಡ ಭೋಜರಾಜರು ಎರಡು ದಿನ ಮುಖ ಗಂಟಿಕ್ಕಿಕೊಂಡೇ ಇದ್ದರು.

ಅವರ ಕಂಪನಿ ನಮ್ಮನ್ನು ಮಸ್ಕತ್ತಿನಲ್ಲಿ ಇಂಗ್ಲಿಷರೇ ಹೆಚ್ಚಾಗಿರುವ ಬಡಾವಣೆಯೊಂದರ ವಸತಿಗೃಹಕ್ಕೆ ಕಳಿಸಿತು. ಕೆಳಗೆ ಪಬ್ಬು, ಮೇಲೆ ಕೋಣೆಗಳು. ಬೋರ್ಡಿನಲ್ಲಿ ಲಾಂದ್ರ ಹಿಡಿದ ನರಿ. ಆ ಸೆಕೆಯಲ್ಲಿ ಯಾರೂ ಹೊತ್ತಿಸದ ಬೆಂಕಿಗೂಡು, ಕಪ್ಪು ಮರದ ತೊಲೆಗಳು, ಹೂಬಳ್ಳಿಯ ಕಾರ್ಪೆಟ್. ಬಿಯರಿನ ಹುಳಿವಾಸನೆ ಮೆಟ್ಟಿಲು ಹತ್ತಿ ನಮ್ಮ ಕೋಣೆಗೂ ಬರುತ್ತಿತ್ತು. ಅಡುಗೆ ಮಾಡುವಂತಿರಲಿಲ್ಲ. ಅವಲಕ್ಕಿ, ಮೊಸರು, ಕೆಟಲಿನ ಬಿಸಿನೀರು.

"ಇಲ್ಲಿ ದೇವರ ಪುಸ್ತಕ ಬಿಚ್ಚುವುದು ಹೇಗೆ?" ಎಂದೆ.

"ಆ ನರಿ ಕಚ್ಚುವುದಿಲ್ಲ ಮಾರಾಯ್ತಿ. ದೇವರಿಗೆ ಏಸಿ ಉಂಟಲ್ಲ, ಇನ್ನೆಂತ ಬೇಕು?"

ನಗು ಬಂತು. ನಕ್ಕೆ.

ಹಿಂದಿನ ವರ್ಷ ಅವರ ಎದೆ ಕೊಯ್ದು ಆಪರೇಷನ್ ಮಾಡಿದ ದಿನ ಹರಕೆ ಹೇಳಿಕೊಂಡಿದ್ದೆ: ಇವರು ಉಳಿದರೆ ಮುಂದಿನ ಅಧಿಕ ಮಾಸವಿಡೀ, ಒಂದು ಸಂಜೆಯೂ ತಪ್ಪದಂತೆ, ಇವರ ಬಾಯಿಂದಲೇ ಪದ್ಯ ಓದಿಸಿ ಕೇಳುತ್ತೇನೆ ಎಂದು. ನಮ್ಮ ಮನೆಯಲ್ಲಿ ಓದುವವರಷ್ಟೇ ಕೇಳುವವರೂ ಮುಖ್ಯ. ಕೇಳುವವರು ಬಲಗೈಯಲ್ಲಿ ಅಕ್ಷತೆ ಹಿಡಿದು ಕೂರಬೇಕು, ಮುಗಿದ ಮೇಲೆ ಅದನ್ನು ಪುಸ್ತಕಕ್ಕೆ ಹಾಕಬೇಕು. ಅಕ್ಷತೆ ಬೀಳದ ಓದು ದೇವರಿಗೆ ಮುಟ್ಟುವುದಿಲ್ಲ ಎನ್ನುತ್ತಿದ್ದರು ಅಪ್ಪ. ಅಕ್ಷರಕ್ಕಿಂತ ಮೊದಲು ಅವರ ರಾಗ ಕಲಿತವಳು ನಾನು.

ಆ ಅಧಿಕ ಮಾಸ ಅರ್ಧ ದಾಟಿದಾಗಲೇ ನೀರು ನುಗ್ಗಿದ್ದು. ಪಬ್ಬಿನ ಮೇಲಿನ ಮೊದಲ ಸಂಜೆಗಳು ಸರಿಯಾಗಿಯೇ ಕಳೆದವು. ಕೆಳಗೆ ಗ್ಲಾಸುಗಳ ಸದ್ದು, ಮೇಲೆ ಇವರ ಕಂಠ. ಆಮೇಲೆ ಇವರ ಇಂಗ್ಲಿಷ್ ಮ್ಯಾನೇಜರ್ ಸಂಜೆಯಾದರೆ ಕೆಳಗೆ ಕರೆಯತೊಡಗಿದ. ಮನೆ ಕಳೆದುಕೊಂಡವರಲ್ಲಿ ಹೊಸ ಫ್ಲ್ಯಾಟ್ ಯಾರಿಗೆಂದು ನಿರ್ಧರಿಸುವವನು ಅವನೇ. ನನ್ನ ಕೈಯ ಅಕ್ಷತೆ ಬೀಳುವ ಮೊದಲೇ ಇವರ ಕಾಲು ಚಪ್ಪಲಿ ಹುಡುಕುತ್ತಿತ್ತು.

ಒಂದು ಸಂಜೆ ಇವರು ಇಳಿದುಹೋದ ಮೇಲೆ, ಬಾರಿನಲ್ಲಿ ಕೆಲಸ ಮಾಡುವ ನಮ್ಮೂರ ಕಡೆಯ ಆಸ್ವಾಲ್ಡ್ ಕುಡಿಯುವ ನೀರು ತಂದ.

"ಅಕ್ಕ, ಭೋಜಣ್ಣನದ್ದು ಎಂತ ಸ್ವರ ಮಾರಾಯ್ರೆ! ದೊರೆಗಳಿಗೆಲ್ಲ ಹುಚ್ಚು ಹಿಡಿದುಂಟು. ದಿನಾ ಹಾಡಿಸ್ತಾರೆ."

"ಎಂತ ಹಾಡ್ತಾರೆ?"

"ಅದೇ, ನೀವು ಮೇಲೆ ಓದಿಸ್ತೀರಲ್ಲ, ಅದು. ಬನ್ನಿ ಬೇಕಾದ್ರೆ, ಕೇಳಿ."

ಮೆಟ್ಟಿಲಿನ ತಿರುವಿನವರೆಗೆ ಇಳಿದೆ. ಇವರು ಆ ತಣ್ಣಗಿನ ಬೆಂಕಿಗೂಡಿನ ಮುಂದೆ ಕಣ್ಣುಮುಚ್ಚಿ ನಿಂತಿದ್ದರು. ತುಂಬಿದ ಸಭೆಯಲ್ಲಿ ಸೀರೆಗೆ ಕೈಬಿದ್ದವಳು ದೇವರನ್ನು ಕೂಗುವ ಪದ್ಯ. ಸುತ್ತ ಕೂತವರ ಮುಷ್ಟಿಯಲ್ಲಿ ಹುರಿಗಡಲೆ. ಪದ್ಯ ಮುಗಿದಾಗೆಲ್ಲ ಮೇಜು ಬಡಿಯುತ್ತಿದ್ದರು. "ಒನ್ಸ್ ಮೋರ್, ರಾಜ್!"

ಅರ್ಥವೇನೆಂದು ಮ್ಯಾನೇಜರ್ ಕೇಳಿದ. ಅವಳ ಸೀರೆ ಎಳೆಯುತ್ತಿದ್ದಾರೆ ಸರ್, ಎಂದರು ಇವರು. ಯಾರೋ ಏನೋ ಅಂದ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರೂ ನಕ್ಕರು.

ಇವರು ಮೇಲೆ ಬಂದಾಗ ಕೇಳಿಯೇಬಿಟ್ಟೆ. "ನೀವು ನಕ್ಕದ್ದು ಯಾಕೆ?"

"ಕೆಳಗೆ ಬಂದಿದ್ದೆಯಾ?" ಅಂಗಿಯ ಗುಂಡಿ ಬಿಚ್ಚುತ್ತಿದ್ದವರು ನಿಲ್ಲಿಸಿದರು. "ಎಂತ ಈಗ? ದೇವರ ಪದ್ಯವೇ ಅಲ್ವಾ? ಬಯ್ಗುಳ ಹಾಡಿದೆನಾ?"

"ನಕ್ಕದ್ದು ಯಾಕೆ?"

"ಅವನು ನಕ್ಕ. ನಾನು ಅಳಬೇಕಿತ್ತಾ? ಮನೆ ಕೊಡುವವನು ಅವನು. ನಿನ್ನ ಅಕ್ಷತೆ ಬಾಡಿಗೆ ಕಟ್ತದಾ?"

ಮರುದಿನವೇ ಫ್ಲ್ಯಾಟ್ ಮಂಜೂರಾಯಿತು. ನಮಗಿಂತ ಮೊದಲು ಕೇಳಿದ್ದವರನ್ನು ಬಿಟ್ಟು ನಮಗೆ. ಬೀಗದ ಕೈ ಕೊಡುವಾಗ ಮ್ಯಾನೇಜರ್ ನನ್ನತ್ತ ತಿರುಗಿ, ರಾಜ್ ಒಳ್ಳೆಯ ಸಿಂಗರ್ ಎಂದು ಹೊಗಳಿದ. ಅವನಲ್ಲಿ ಕೆಟ್ಟತನವಿರಲಿಲ್ಲ. ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಗೊತ್ತಿದ್ದವರು ಇವರು.

ಹೊಸ ಮನೆಯಲ್ಲಿ ಸಂಜೆ ಶಲ್ಯ ಹೊದ್ದು ಪುಸ್ತಕ ಬಿಚ್ಚಿದರು. ಹರಕೆ ಮುಗಿಯಲು ಇನ್ನು ಕೆಲವೇ ದಿನ.

"ಬಾ, ಕೂತುಕೋ. ಅಕ್ಷತೆ ತಗೋ."

ಕೂತೆ. ಬಟ್ಟಲಿಗೆ ಕೈ ಹಾಕಲಿಲ್ಲ. ತುಸು ಕಾದು, ಓದತೊಡಗಿದರು. ಕಂಠ ಎಂದಿನಂತೆಯೇ ಚೆಂದವಿತ್ತು, ಸುಳ್ಳು ಹೇಳಲಾರೆ. ಆದರೆ ಪ್ರತಿ ಪದ್ಯದ ಕೊನೆಗೂ ನನ್ನ ಕಿವಿ ಮೇಜು ಬಡಿಯುವ ಸದ್ದಿಗೆ ಕಾಯುತ್ತಿತ್ತು.

ಮುಗಿಸಿ, ರೂಢಿಯಂತೆ ಪುಸ್ತಕವನ್ನು ನನ್ನತ್ತ ಸರಿಸಿದರು.

"ನೀವು ಓದಿದ್ದಾಯ್ತು," ಎಂದೆ. "ನಾನು ಕೇಳಿಲ್ಲ."

ಹರಕೆ ಯಾತಕ್ಕೆ ಹೊತ್ತದ್ದೆಂದು ಇಬ್ಬರಿಗೂ ನೆನಪಿತ್ತು. ಅವರ ಕೈ ಶಲ್ಯದೊಳಗೆ, ಎದೆಯ ಹೊಲಿಗೆಯ ಗುರುತಿನ ಕಡೆಗೆ ಹೋಯಿತು. ನಾನು ಎದ್ದು ಅನ್ನಕ್ಕಿಟ್ಟೆ.