ತಣ್ಣಗಿಡಬೇಕಾದ ಸೀಸೆ

ಫ್ರಿಜ್ಜಿನ ಬಾಗಿಲು ತೆರೆದ ಲತಾಳ ಕೈ ಅಲ್ಲೇ ನಿಂತಿತು. ಕುರಿ ಲಸಿಕೆಯ ಡಬ್ಬದ ಹಿಂದೆ, ಬೆಣ್ಣೆ ಬಟ್ಟಲಿನ ಮರೆಯಲ್ಲಿ ಅವಳೇ ಇಟ್ಟಿದ್ದ ಪುಟ್ಟ ಸೀಸೆ ಇರಲಿಲ್ಲ. ಅದಕ್ಕೆ ಸುತ್ತಿದ್ದ ಬಿಳಿ ಬಟ್ಟೆ ಮಾತ್ರ ಬಿದ್ದಿತ್ತು.

"ಅತ್ತೆ, ಇಲ್ಲಿದ್ದ ಔಷಧಿ?" ಎಂದು ಕೇಳುವಾಗ ದನಿ ಬದಲಾಗದಂತೆ ಎಚ್ಚರ ವಹಿಸಿದಳು.

ಹುಚ್ಚಕ್ಕ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಕಾಟಯ್ಯ ಬಂದಿದ್ದ. ಟಗರು ಮೇವು ಬಿಟ್ಟೈತಂತೆ. ಡಬ್ಬದಾಗ ಒಂದೂ ಇರ್ಲಿಲ್ಲ, ಹಿಂದೆ ಬಟ್ಟೆ ಸುತ್ತಿದ್ದು ಒಂದಿತ್ತು. ಅಷ್ಟು ಜೋಪಾನ ಮಾಡಿದ್ದು ಅಂದ್ರೆ ಒಳ್ಳೇದೇ ಇರ್ಬೇಕು ಅಂತ ಕೊಟ್ಟು ಕಳಿಸ್ದೆ."

ಹುಚ್ಚಕ್ಕನ ಮಗ, ಲತಾಳ ಗಂಡ ರಂಗೇಶ ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್. ಬಬ್ಬೂರಿನ ಸುತ್ತಮುತ್ತ ಎಲ್ಲರೂ ಅವನನ್ನು ಡಾಕ್ಟ್ರೇ ಎನ್ನುತ್ತಾರೆ. ಅಲ್ಲಿ ಉಳಿದ ಲಸಿಕೆ, ಔಷಧಿ ಎಲ್ಲ ಅವನ ಮನೆಯ ಫ್ರಿಜ್ಜಿಗೇ ಬರುತ್ತದೆ. ಅವನಿಲ್ಲದಾಗ ಕುರಿಯವರು ಬಂದರೆ ಹುಚ್ಚಕ್ಕ ತೆಗೆದುಕೊಡುತ್ತಾಳೆ, ಅವರೇ ಹಾಕಿಕೊಳ್ಳುತ್ತಾರೆ. ಇಂಥ ಫ್ರಿಜ್ಜಿನಲ್ಲಿ ಆ ಸೀಸೆ ಇಟ್ಟದ್ದು ತನ್ನದೇ ಬುದ್ಧಿಗೇಡಿತನ ಎನಿಸಿತು ಲತಾಗೆ. ಆದರೆ ಅದನ್ನು ತಣ್ಣಗಿಡಲೇಬೇಕಿತ್ತು, ಊರಿನಲ್ಲಿ ಬೇರೆ ಯಾರ ಫ್ರಿಜ್ಜಿನಲ್ಲಿ ಇಡುವುದು?

ಮಾರಿಕಣಿವೆ ರಸ್ತೆಯಲ್ಲಿ ಬೈಕಿನಿಂದ ಬಿದ್ದು ರಂಗೇಶ ಸೊಂಟದ ಮೂಳೆ ಮುರಿದುಕೊಂಡಿದ್ದ. ಮೂಳೆ ಕೂಡಿತು, ನಡಿಗೆ ಬಂತು. ಹೆಂಡತಿಯ ಜೊತೆ ಕೂಡುವ ಶಕ್ತಿ ಮಾತ್ರ ಬರಲಿಲ್ಲ. ಮಾತ್ರೆ ನಾಟಲಿಲ್ಲ. ಕೊನೆಗೆ ಚಿತ್ರದುರ್ಗದ ಡಾಕ್ಟರೊಬ್ಬರು ಈ ಇಂಜೆಕ್ಷನ್ ಬರೆದರು. ಕೂಡುವುದಕ್ಕೆ ಸ್ವಲ್ಪ ಮುಂಚೆ, ಶಿಶ್ನದ ಒಂದು ಬದಿಗೆ, ಕೂದಲೆಳೆಯಂಥ ಸೂಜಿಯಲ್ಲಿ ಹಾಕಬೇಕು. ನಿಮಿರಿದ್ದು ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಬರಬೇಕು ಎಂದೂ ಹೇಳಿದ್ದರು. ಕುರಿ ಹಿಂಡಿಗೆ ಹಿಂಡೇ ಸೂಜಿ ಹಾಕಿ ಮುಗಿಸುವ ರಂಗೇಶನ ಕೈ ತನ್ನ ಮೈಗೆ ಬಂದಾಗ ನಡುಗಿತು. ಡಾಕ್ಟರು ಲತಾಗೆ ಕಲಿಸಿದರು.

ಹುಚ್ಚಕ್ಕ ಹಿರಿಯೂರಿನ ಸಂತೆಗೆ ಹೋದ ಮಧ್ಯಾಹ್ನಗಳಲ್ಲಿ ಲತಾ ಸೂಜಿ ಹಿಡಿಯುತ್ತಿದ್ದಳು. ಅವನು ಗೋಡೆ ಕಡೆ ಮುಖ ತಿರುಗಿಸಿಕೊಂಡಿರುತ್ತಿದ್ದ. ಆಮೇಲೆ ಇಬ್ಬರೂ ಏನನ್ನೋ ಕದ್ದವರ ಹಾಗೆ ಬಾಗಿಲ ಚಿಲಕ ತೆಗೆಯುತ್ತಿದ್ದರು. ಮನೆಯಲ್ಲಿ ಮಕ್ಕಳ ಮಾತು ಬಂದಾಗಲೆಲ್ಲ ಹುಚ್ಚಕ್ಕನ ಕಣ್ಣು ಸೊಸೆಯ ಹೊಟ್ಟೆಯ ಮೇಲೆ ನಿಲ್ಲುತ್ತಿತ್ತು. ಲತಾ ತಲೆ ತಗ್ಗಿಸುತ್ತಿದ್ದಳು. ಗಂಡನ ಮಾನ ತನ್ನ ಮೌನದಲ್ಲಿದೆ ಎಂದು ಅವಳು ನಂಬಿದ್ದಳು.

ಬಚ್ಚಲಿನಿಂದ ಬಂದ ರಂಗೇಶನಿಗೆ ಅವಳು ಖಾಲಿ ಬಟ್ಟೆ ತೋರಿಸಿ, "ಕಾಟಯ್ಯನ ಟಗರಿಗೆ" ಎಂದಳಷ್ಟೆ. ಅವನು ಬನಿಯನ್ನಿನಲ್ಲೇ ಓಡಿದ.

ಕಾಟಯ್ಯ ಕುರಿ ಕೂಡುವ ರೊಪ್ಪ ಮನೆಯ ಹಿಂದಿನ ಜಾಲಿ ಸಾಲಿನಾಚೆಗೇ ಇತ್ತು. ಲತಾ ತಲುಪುವಷ್ಟರಲ್ಲಿ ಕಾಟಯ್ಯ ಟಗರನ್ನು ಮೊಣಕಾಲುಗಳ ನಡುವೆ ಒತ್ತಿಹಿಡಿದು ಸಿರಿಂಜಿಗೆ ಔಷಧಿ ಎಳೆದಿದ್ದ.

"ಕಾಟಣ್ಣ, ಹಾಕ್ಬ್ಯಾಡ," ಎಂದ ರಂಗೇಶ, ಏದುಸಿರಿನ ನಡುವೆ.

"ಏನಪ್ಪ ಡಾಕ್ಟ್ರೇ, ಬನಿಯನ್ನಾಗೇ ಬಂದ್ಬಿಟ್ಟೆ? ನನ್ ಟಗರು ಮ್ಯಾಲೆ ಇಷ್ಟು ಪ್ರೀತಿ ಐತೆ ಅಂತ ಗೊತ್ತಿರ್ಲಿಲ್ಲ."

"ಅದು ಕುರೀದಲ್ಲ. ಮನುಷ್ಯರದು."

ಹುಚ್ಚಕ್ಕ ಅವರೆಕಾಳನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಹಿಂದಿನಿಂದ ಬಂದಿದ್ದಳು. "ಮನುಷ್ಯರದಾ? ನಮ್ ಮನ್ಯಾಗ ಯಾರಿಗೇನಾಗೈತೆ?" ಎಂದವಳ ನೋಟ ಎಂದಿನ ಜಾಗಕ್ಕೇ ಬಂದು ನಿಂತಿತು. "ಲತಾದಾ? ಮಕ್ಕಳಾಗಾಕೆ ಕೊಟ್ಟಿರೋದಾ?"

ಲತಾ ಗಂಡನನ್ನು ನೋಡಿದಳು. ಅವನು ಟಗರಿನ ಕೊಂಬು ನೋಡುತ್ತಿದ್ದ.

"ಹೂಂ," ಎಂದ. "ಅವಳದೇ."

ತಾನಾಗಿ ಹೊತ್ತಾಗ ಇಲ್ಲದ ಭಾರ, ಅವನು ಹೊರಿಸಿದ ಕ್ಷಣ ಲತಾಳ ಮೈಮೇಲೆ ಬಂತು.

ಕಾಟಯ್ಯ ಔಷಧಿಯನ್ನು ನೆಲಕ್ಕೆ ಚಿಮ್ಮಿಸಿದ. "ತಪ್ಪಾಯ್ತು ಕಣವ್ವ. ಇದನ್ನ ಹಾಕಿದ್ರೆ ಟಗರು ಮರಿ ಈದ್ಬಿಡೋದು," ಎಂದು ನಕ್ಕ. ಯಾರೂ ನಗಲಿಲ್ಲ. ಅವನು ಮುಜುಗರದಿಂದ ಟಗರಿನ ಬೆನ್ನು ಸವರಿದ.

"ನಂಗೆ ಹೇಳಿದ್ರೆ ಬೈತಿದ್ನೇನೇ?" ಹುಚ್ಚಕ್ಕನ ದನಿ ಮೆತ್ತಗಿತ್ತು, ಅದೇ ಹೆಚ್ಚು ಚುಚ್ಚಿತು. "ನಿನ್ ಮೈಯಾಗೇ ಏನೋ ದೋಷ ಐತೆ ಅಂತ ನಂಗೆ ಮೊದ್ಲೇ ಅನ್ನಿಸಿತ್ತು."

ಮನೆಗೆ ಬಂದ ಮೇಲೆ ರಂಗೇಶ ಅಡುಗೆಮನೆಯ ಬಾಗಿಲಲ್ಲಿ ನಿಂತ. "ಏನು ಹೇಳ್ಬೇಕು ಅಂತ ಹೊಳೀಲಿಲ್ಲ ಲತಾ. ಕಾಟಣ್ಣ ಎದುರಿಗಿದ್ದ. ದುರ್ಗಕ್ಕೆ ಹೋಗಾಣ, ಹೊಸ ಸೀಸೆ ತರಾಣ."

"ನೀವೇ ತರ್ರಿ," ಎಂದಳು. "ನೀವೇ ಚುಚ್ಕೊಳ್ರಿ. ಸೂಜಿಗೂ ನನ್ ಕೈ, ಕಾಯ್ಲೆಗೂ ನನ್ ಹೆಸರು. ನನ್ನಿಂದ ಆಗಲ್ಲ."

ಮದುವೆಯಾದಾಗಿನಿಂದ ಅವಳು ಅವನ ಹತ್ತಿರ ಹೀಗೆ ಮಾತಾಡಿದ್ದೇ ಇರಲಿಲ್ಲ. ಆಡಿದ ಕೂಡಲೇ, ಪೆಟ್ಟಾದ ಜಾಗಕ್ಕೇ ಹೊಡೆದೆನಲ್ಲ ಎಂದು ನಾಚಿಕೆಯಾಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಹುಚ್ಚಕ್ಕ ಬಂದಳು. ಕಾಟಯ್ಯನ ಹೆಂಡತಿ ಹುಲಿಗೆಮ್ಮ ತನ್ನ ಮನೆಯ ದೇವರ ಮುಂದಿನಿಂದ ತೆಗೆದುಕೊಟ್ಟ ಅರಿಶಿನದ ದಾರ ಅವಳ ಅಂಗೈಯಲ್ಲಿತ್ತು. "ಇಲ್ ಬಾ ಲತಾ, ಕೈ ಕೊಡು. ಇದನ್ನ ಕಟ್ಕೊಂಡ ಮ್ಯಾಲೆ ಹುಲಿಗೆಮ್ಮನ ಮಗಳಿಗೆ ಬಸಿರು ನಿಂತಿತಂತೆ."

ಲತಾ ಕೈ ಒರೆಸಿಕೊಂಡಳು. ಎಡಗೈ ಚಾಚಲು ಎತ್ತಿದ್ದಳು ಕೂಡ. ದೂರು ಹೊರುವುದು ಅಭ್ಯಾಸವಾಗಿತ್ತು.

ಅವರಿಬ್ಬರ ನಡುವೆ ಇನ್ನೊಂದು ಕೈ ಬಂತು.

"ನಂಗೆ ಕಟ್ಟವ್ವ," ಎಂದ ರಂಗೇಶ.

"ಗಂಡಸಿಗೆ ಯಾಕಲೇ ಇದು?"

"ಔಷಧಿ ನಂದು." ಅವನು ನೆಲ ನೋಡುತ್ತಲೇ ಹೇಳಿದ. "ಬಿದ್ದೆನಲ್ಲ, ಆವಾಗಿಂದ. ಅವಳಿಗೇನೂ ಆಗಿಲ್ಲ. ಆಗ್ಲೇ ಸುಳ್ಳು ಹೇಳಿದೆ."

ಹುಚ್ಚಕ್ಕನಿಗೆ ಅರ್ಥವಾದದ್ದು ಮೊದಲು ಅವಳ ಕುತ್ತಿಗೆಯಲ್ಲಿ ಕಾಣಿಸಿತು. ತಲೆ ಮೆಲ್ಲಗೆ ಬಾಗಿತು. ಸೊಸೆಯ ಕಡೆ ತಿರುಗಲು ಹೋದ ಕಣ್ಣು ಅರ್ಧ ದಾರಿಯಲ್ಲೇ ಹಿಂದಕ್ಕೆ ಬಂತು. ಮಗನ ಮಣಿಕಟ್ಟಿಗೆ ದಾರ ಸುತ್ತತೊಡಗಿದಳು. ಗಂಟು ಬೀಳಲಿಲ್ಲ. ಮತ್ತೆ ಸುತ್ತಿದಳು, ಮತ್ತೆ ಜಾರಿತು.

ಲತಾ ಹತ್ತಿರ ಬಂದು ದಾರದ ಒಂದು ತುದಿ ಹಿಡಿದುಕೊಂಡಳು. ಮೂವರೂ ಆ ಗಂಟನ್ನೇ ನೋಡುತ್ತಿದ್ದರು, ಮುಖ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.